ಅತ್ತೆಯ ಶೇಕ್ ಡಬ್ಬಿ

ಕಳೆದ ರಜೆಯಲ್ಲಿ ವಾಲ್ಪಾರೈಗೆ ಹೋಗಿದ್ದೆ. ನಮ್ಮ ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿದು, ಕೊಯಮತ್ತೂರು, ಪೊಳ್ಳಾಚಿ ದಾಟಿ, ಆಳಿಯಾರಿನಿಂದ ಮತ್ತೆ 40 ತಿರುವು ಹತ್ತಬೇಕು. ಅಲ್ಲಿ ಟೀ ಎಸ್ಟೇಟಿನ ಲೈನ್ ಮನೆಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಎಲೆ ಕೀಳುವ ಕೆಲಸ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ.

ಬಾಗಿಲಲ್ಲೇ ಒಂದು ಡಬ್ಬಿ ತಂದು ಕೈಗಿಟ್ಟರು. "ಮೇಷ್ಟ್ರೇ, ಇದ್ರಲ್ಲಿ ಏನ್ ಬರ್ದವ್ರೆ ನೋಡಪ್ಪ. ತಿಂಡಿ ಬದ್ಲು ಇದ್ನೇ ಕುಡುದ್ರೆ ಸಕ್ಕರೆ ಇಳೀತದಂತೆ, ನಿಜವಾ?" ತಿರುಪ್ಪೂರಿನಲ್ಲಿರುವ ಮಗ ಪ್ರೀತಿಯಿಂದ ಕಳಿಸಿದ್ದು. ಬೆಲೆ ನೋಡಿ ಹೆದರಿದ ಅತ್ತೆ, ಹೆಚ್ಚು ದಿನ ಬರಲಿ ಅಂತ ಎರಡೇ ಚಮಚ ಪುಡಿಯನ್ನು ನೀರಿಗೆ ಹಾಕಿ ಕುಡಿಯುತ್ತಿದ್ದರು. ಇಡ್ಲಿ ಬಂದ್. ಮಾತ್ರೆ ಮಾತ್ರ ಎಂದಿನಂತೆ! ಒಂದು ದಿನ ಹನ್ನೊಂದು ಗಂಟೆಗೆ ಇಳಿಜಾರಿನಲ್ಲೇ ಬೆವರು, ಕೈನಡುಕ, ಕಣ್ಣು ಕತ್ತಲೆ. ಜೊತೆಯವರು ಸಕ್ಕರೆ ಹಾಕಿದ ಟೀ ಕುಡಿಸಿ ಕೂರಿಸಿದ್ದರಿಂದ ಉಳಿದರು.

ಗ್ಲಿಮೆಪಿರೈಡ್‌ನಂಥ ಮಾತ್ರೆ ಊಟ ಮಾಡಿದ್ದೀರೋ ಇಲ್ಲವೋ ಅಂತ ಕೇಳುವುದಿಲ್ಲ, ತನ್ನ ಪಾಡಿಗೆ ಸಕ್ಕರೆ ಇಳಿಸುತ್ತದೆ. ಇನ್ಸುಲಿನ್ನೂ ಅಷ್ಟೇ. ಅದಕ್ಕೇ ನಾನು ಹೇಳುವುದು: ಯಾವ ಶೇಕ್ ಒಳ್ಳೆಯದು ಅಂತ ಕೇಳುವ ಮೊದಲು, ನನ್ನ ಮಾತ್ರೆಗೆ ಇದು ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ.

ಶೇಕ್ ಎಲ್ಲ ಮೋಸ ಅಂತಲೂ ನಾನು ಹೇಳುವುದಿಲ್ಲ. ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್, ಸೂಪ್ ಅಷ್ಟೇ. ಆಮೇಲೆ ನಿಧಾನವಾಗಿ ಊಟ. ವರ್ಷದ ನಂತರ 46% ಜನರ ಸಕ್ಕರೆ ಮಾತ್ರೆ ಇಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. ಆದರೆ ಅವರೆಲ್ಲ ತೂಕ ಹೆಚ್ಚಿದ್ದವರು, ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ಇಲ್ಲದವರು. ಮೊದಲ ದಿನವೇ ಅವರ ಸಕ್ಕರೆ ಮಾತ್ರೆ ನಿಲ್ಲಿಸಿ ನಿಗಾ ಇಟ್ಟಿದ್ದರು. ಗುಣ ಕಂಡದ್ದು ಮುಖ್ಯವಾಗಿ ತೂಕ ಇಳಿದದ್ದರಿಂದ. ನಮ್ಮ ಅತ್ತೆಯೋ, ಕಡ್ಡಿಯಂತಿದ್ದಾರೆ. ಇಳಿಸುವುದಕ್ಕೆ ತೂಕವೆಲ್ಲಿದೆ?

ಡಾಕ್ಟರ್ ಒಪ್ಪಿದರು ಅಂದುಕೊಳ್ಳಿ. ಆಗ ಡಬ್ಬಿ ತಿರುಗಿಸಿ ಹಿಂದೆ ಓದಿ. ಮುಂದಿನ ಅಕ್ಷರ ಮಾರುವವರದು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಬೋರ್ನ್‌ವೀಟಾದಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು, ನೆನಪಿದೆಯಾ? ‘ಸಕ್ಕರೆ ಸೇರಿಸಿಲ್ಲ’ ಅಂತ ಇದ್ದರೂ ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಮಾಲ್ಟೋಡೆಕ್ಸ್‌ಟ್ರಿನ್ ಇರಬಹುದು. ಅದು ಗ್ಲೂಕೋಸಿನಷ್ಟೇ ಬೇಗ ರಕ್ತಕ್ಕೆ ಸೇರುವ ಪಿಷ್ಟ.

ಆಮೇಲೆ ನಮ್ಮ ಏಳನೇ ಕ್ಲಾಸಿನ ಲೆಕ್ಕ. 100 ಗ್ರಾಂ ಪುಡಿಯಲ್ಲಿ ಕಾರ್ಬೋಹೈಡ್ರೇಟ್ 60 ಗ್ರಾಂ, ಒಂದು ಸಲಕ್ಕೆ 50 ಗ್ರಾಂ ಪುಡಿ ಅಂದರೆ ಹೊಟ್ಟೆಗೆ ಹೋಗುವುದು 30 ಗ್ರಾಂ. ಒಂದು ಲೋಟ ಹಾಲು ಸೇರಿದರೆ ಇನ್ನೂ ಸುಮಾರು 10. ಇಡ್ಲಿ ತಿಂದು ಮೇಲೆ ಇದನ್ನೂ ಕುಡಿದರೆ ಎರಡು ಊಟವಾಯಿತು, ಸಕ್ಕರೆ ಏರದೆ ಇನ್ನೇನು? ಪ್ರೋಟೀನು, ನಾರು ಎಷ್ಟಿದೆ ನೋಡಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನಿನ ಬಗ್ಗೆಯೂ ಡಾಕ್ಟರನ್ನೇ ಕೇಳಬೇಕು.

ಹಾಗಂತ ರಾಗಿ ಗಂಜಿಯನ್ನು ಲೋಟಗಟ್ಟಲೆ ಕುಡಿಯಿರಿ ಅಂತಲ್ಲ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಮೊಳಕೆ ಹುರುಳಿ, ಹೆಸರುಕಾಳು, ಒಂದು ಮೊಟ್ಟೆ, ಸೊಪ್ಪು, ಜೊತೆಗೆ ಎರಡು ಇಡ್ಲಿ... ಎಲೆ ಕೀಳುವವರಿಗೆ ಹಲ್ಲಿಗೆ ಸಿಗುವ ತಿಂಡಿಯೇ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕೂಲಿಯ ದುಡ್ಡು ಡಬ್ಬಿಗೆ ಸುರಿಯಬೇಕಿಲ್ಲ.

ತಮಿಳುನಾಡಿನಲ್ಲಿ 2021ರಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಬಾಗಿಲಿಗೇ ಬಿಪಿ, ಸಕ್ಕರೆ ಮಾತ್ರೆ ಬರುತ್ತವೆ. ಮಾತ್ರೆ ಕೊಡಲು ಬರುವ ಅಕ್ಕನಿಗೆ ಡಬ್ಬಿ ತೋರಿಸಿ ಕೇಳುವುದಕ್ಕೆ ಏನು ಸಂಕೋಚ?

ಹೊರಡುವಾಗ ಅತ್ತೆಯ ಸೆರಗಿಗೆ ಸಣ್ಣ ಪೊಟ್ಟಣದಲ್ಲಿ ಮೂರು ಚಮಚ ಸಕ್ಕರೆ ಕಟ್ಟಿಕೊಟ್ಟೆ. "ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆನೇ ಕೊಡ್ತೀಯಲ್ಲಪ್ಪ!" ಅಂತ ನಕ್ಕರು. ನಡುಕ ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಿ, ಆಮೇಲೆ ಏನಾದರೂ ತಿನ್ನಿ ಅಂದೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಇವತ್ತೇ ಒಮ್ಮೆ ತಿರುಗಿಸಿ ಓದಿ.