ಕೀ ನಮ್ಮದು, ಕೋಡ್ ಯಾರದ್ದು?

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಮನೆ ಬೀಗದ ಕೀ ಕಳೆದ್ರೆ ಸಂತೆಯಲ್ಲೇ ಹೊಸದು ಮಾಡಿಸಬಹುದು. ಕಾರಿನದು ಕಳೆದ್ರೆ ಕಥೆ ಬೇರೆ. ಅದರ ಹಿಡಿಯೊಳಗೊಂದು ಪುಟ್ಟ ಚಿಪ್ ಇರುತ್ತೆ. ಅದರ ಕೋಡ್ ಹೊಂದದಿದ್ರೆ ಎಂಜಿನ್ ಸ್ಟಾರ್ಟೇ ಆಗಲ್ಲ. ಕಳ್ಳರನ್ನು ತಡೆಯೋಕೆ ಇದು ಬೇಕು, ಒಪ್ತೀನಿ. ಆದರೆ ಹೊಸ ಚಿಪ್ಪನ್ನು ಕಾರಿಗೆ ಜೋಡಿಸುವ ಸಾಫ್ಟ್‌ವೇರ್ ಕಂಪನಿ ಕೈಲಿದೆ. ಇದ್ದೊಂದು ಕೀ ಕಳೆದುಕೊಂಡ ಬಾಡಿಗೆ ಕಾರಿನವರು ಗಾಡಿಯನ್ನು ಹೊಸಪೇಟೆಗೋ ದಾವಣಗೆರೆಗೋ ಎಳೆಸಿ, ಸಾವಿರಾರು ರೂಪಾಯಿ ಸುರಿಯಬೇಕು. ಅಲ್ಲೀತನಕ ದುಡಿಮೆ ಬಂದ್.

ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಪೋರ್ಟಲ್ ಅಂದ್ರೆ ಕಾನೂನಲ್ಲವಲ್ಲ! ಆರ್‌ಸಿ, ಆಧಾರ್ ನೋಡಿ ಕೀ ಜೋಡಿಸಿಕೊಡುವ ಲೈಸೆನ್ಸನ್ನು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್‌ಗಳಿಗೂ ಕೊಡಲಿ, ಕಾನೂನು ಮಾಡಿಯೇ ಕೊಡಲಿ.