ಎದೆನೋವು ಬಂದಾಗ ಮೊದಲು ಯಾರಿಗೆ ಫೋನ್?

ಈ ಸಲ ಕೊಲೆಸ್ಟರಾಲ್ ಬಿಟ್ಟು ಫೋನಿನ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ ಅನ್ನಬೇಡಿ, ಕಾರಣ ಇದೆ.

ಕೆಲವು ತಿಂಗಳ ಹಿಂದೆ ಆಲುವದಲ್ಲಿ ನೆಲೆಸಿರುವ ಕನ್ನಡದವರೊಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಆಟೋದಲ್ಲಿ ಬಂದರು. ಎದೆ ಹಿಂಡುವ ನೋವು ಶುರುವಾಗಿದ್ದು ರಾತ್ರಿ ಹನ್ನೊಂದಕ್ಕೆ. ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ಇಸಿಜಿ ನೋಡಿದರೆ ಹೃದಯಾಘಾತ. ಐದು ಗಂಟೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಊರಿನ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದ್ದರಂತೆ. ಒಬ್ಬರು ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ ಅಂದರು. ಇನ್ನೊಬ್ಬರು ಕೈಮುಗಿಯುವ ಚಿತ್ರ ಕಳಿಸಿದರು. ಪಕ್ಕದ ಮನೆಯ ಅಂಗಳದಲ್ಲಿ ಕಾರು ನಿಂತಿತ್ತು. ಆರು ವರ್ಷ ಅಲ್ಲೇ ಇದ್ದರೂ ಆ ಮನೆಯವರ ಹೆಸರು ಇವರಿಗೆ ಗೊತ್ತಿರಲಿಲ್ಲ. ಸ್ಟೆಂಟ್ ಹಾಕಿದೆವು, ಜೀವ ಉಳಿಯಿತು. ಆ ಐದು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯು ಮಾತ್ರ ಮರಳಿ ಬರುವುದಿಲ್ಲ.

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನನ್ನ ಕಥೆಯೂ ಅದೇ. ಓಪಿಯಲ್ಲಿ ದಿನವಿಡೀ ಮಲಯಾಳಂ, ಮಕ್ಕಳೊಡನೆ ಅರ್ಧ ಇಂಗ್ಲಿಷ್. ನಾನು ಕನ್ನಡದವನು ಅನ್ನಿಸುವುದು ರಾತ್ರಿ ಫೋನ್ ತೆರೆದಾಗಲೇ. ಊರಿನ ಮಳೆ, ಜಾತ್ರೆ, ಸಾವು ಎಲ್ಲ ಅದರಲ್ಲೇ ತಿಳಿಯುತ್ತದೆ. ಫೋನ್ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ಪೆರಿಯಾರ್ ಉಕ್ಕಿ ಆಲುವದೊಳಗೆ ನುಗ್ಗಿದಾಗ ಜನ ಇದೇ ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿ ಸಹಾಯ ಬೇಡಿದರು. ಆದರೆ ದೋಣಿ ತಂದವರು ನಮ್ಮ ಊರಿನ ಗ್ರೂಪಿನವರಲ್ಲ, ಇಲ್ಲಿನ ಮೀನುಗಾರರು.

2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ವಿವೇಕ್ ಮೂರ್ತಿ (ಅವರ ಹಿರಿಯರ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ) ಒಂಟಿತನದ ಬಗ್ಗೆ ಒಂದು ವರದಿ ಹೊರತಂದರು. ಜನರ ನಂಟು ಕಡಿಮೆ ಇರುವವರಲ್ಲಿ ಹೃದ್ರೋಗದ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32ರಷ್ಟು ಹೆಚ್ಚು ಎಂದು ಅದರಲ್ಲಿದೆ. ಇದಕ್ಕೆಲ್ಲ ಫೋನೇ ಕಾರಣ ಎಂದು ನಾನು ಹೇಳುವುದಿಲ್ಲ. ನನ್ನ ತಕರಾರು ಬೇರೆ. ಫೋನ್ ತುಂಬಾ ಜನ ಇದ್ದರೆ ನಾವು ಒಂಟಿ ಎನ್ನುವುದೇ ನಮಗೆ ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ 300 ಜನರಿಗೆ ಶುಭೋದಯ ಹೇಳುವವರು ಲಿಫ್ಟಿನಲ್ಲಿ ಪಕ್ಕದವರ ಮುಖ ನೋಡದೆ ಇಳಿದು ಹೋಗುತ್ತೇವೆ.

ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಗ್ರೂಪಿಗೆ ಬರೆಯಬೇಡಿ. 108ಕ್ಕೆ ಫೋನ್ ಮಾಡಿ, ಪಕ್ಕದ ಮನೆ ಬಾಗಿಲು ತಟ್ಟಿ. ಮಲಯಾಳಂ ಬರದಿದ್ದರೆ ಎದೆ ಮುಟ್ಟಿ ತೋರಿಸಿದರೂ ಸಾಕು. ಇದನ್ನು ಬೇರೆಯವರಿಗೆ ಕಳಿಸುವ ಮುಂಚೆ ಒಮ್ಮೆ ಹೊರಗೆ ಹೋಗಿ ಅವರ ನಂಬರು ಕೇಳಿ ಬರೆದುಕೊಳ್ಳಿ.