ರಫ್ತಿಗೊಂದು ಅಳತೆ, ಊರಿಗೊಂದು ಅಳತೆ

2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತರು. ಭಾರತದಿಂದ ಹೋದ ಕೆಮ್ಮಿನ ಸಿರಪ್ಪಿನಲ್ಲಿ ವಿಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ದಿಲ್ಲಿ ಮೊದಲು ಒಪ್ಪಲಿಲ್ಲ. ಆಮೇಲೆ 2023ರ ಜೂನ್ 1ರಿಂದ, ಸರ್ಕಾರ ಒಪ್ಪಿದ ಪ್ರಯೋಗಾಲಯದ ಸರ್ಟಿಫಿಕೇಟ್ ಇಲ್ಲದೆ ಸಿರಪ್ ದೇಶ ಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿತು.

ಒಳ್ಳೇದೇ ಆಯ್ತು. ಆದರೆ ನಮ್ಮ ಮಕ್ಕಳು ಕುಡಿಯೋ ಸಿರಪ್ಪಿಗೆ ಆ ಕಟ್ಟಳೆ ಯಾಕೆ ಬರಲಿಲ್ಲ?

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ 20ಕ್ಕೂ ಹೆಚ್ಚು ಕೂಸುಗಳು ಮೂತ್ರಪಿಂಡ ಕೆಟ್ಟು ಸತ್ತವು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಾರ್ಖಾನೆಯೊಂದರ ಸಿರಪ್ ಪರೀಕ್ಷಿಸಿದರೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ 48 ಪಾಲು! ಮಿತಿ ಇರುವುದು 0.1. ಕಾರ್ಖಾನೆಯ ಲೈಸೆನ್ಸ್ ರದ್ದಾಯಿತು, ಕೂಸುಗಳು ಹೋದ ಮೇಲೆ.

ರೋಗದ ಮೂಲ ಕಾನೂನಿನಲ್ಲೇ ಇದೆ. 1940ರ ಔಷಧ ಕಾಯ್ದೆ ಕೇಂದ್ರದ್ದು, ಕಾರ್ಖಾನೆಗೆ ಲೈಸೆನ್ಸ್ ಕೊಡೋದು ಆಯಾ ರಾಜ್ಯ. ಮದ್ದು ಮಾತ್ರ ದೇಶವೆಲ್ಲ ಸುತ್ತುತ್ತೆ. ಪಕ್ಕದ ರಾಜ್ಯದ ಕಾರ್ಖಾನೆ ಮದ್ದಿನಿಂದ ಇಲ್ಲಿ ಜೀವ ಹೋದರೂ ಇಲ್ಲಿನವರು ಆ ಲೈಸೆನ್ಸ್ ಮುಟ್ಟುವಂತಿಲ್ಲ.

ಬಳ್ಳಾರಿ ಜಿಲ್ಲೆಗೆ ಇದು ಪರರ ಮನೆ ಸುದ್ದಿಯೇನಲ್ಲ. 2024ರ ನವೆಂಬರಿನಲ್ಲಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಬಿದ್ದದ್ದು ಪಶ್ಚಿಮ ಬಂಗಾಳದಿಂದ ಬಂದ ಗ್ಲೂಕೋಸ್ ಬಾಟ್ಲಿಯಂಥ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯದ ಪ್ರಯೋಗಾಲಯ ನಪಾಸು ಮಾಡಿದ್ದ ಕೆಲ ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಪಾಸು ಮಾಡಿತ್ತು. ಕಾನೂನಿನಲ್ಲಿ ಕೇಂದ್ರದ ಮಾತೇ ಕೊನೆಯ ಮಾತು. ರಾಜ್ಯದ ಔಷಧ ನಿಯಂತ್ರಕರು ಸಸ್ಪೆಂಡಾದರು. ತಬ್ಬಲಿ ಕೂಸುಗಳಿಗೆ ಅದರಿಂದ ಏನು ಸಿಕ್ಕಿತು?

ಕಾರ್ಖಾನೆಗಳ ಶಿಸ್ತಿಗೆಂದು ಹೊಸ ‘ಷೆಡ್ಯೂಲ್ ಎಂ’ ನಿಯಮ ಬಂತು. ಯಂತ್ರ, ಲ್ಯಾಬು, ಸಿಬ್ಬಂದಿಗೆ ದುಡ್ಡೆಲ್ಲಿಂದ ತರೋಣ ಅಂತ ಸಣ್ಣ ಕಾರ್ಖಾನೆಯವರು ಅಲವತ್ತುಕೊಂಡರು. ಅರ್ಜಿ ಹಾಕಿದವರಿಗೆ 2025ರ ಕೊನೆಯವರೆಗೆ ವಾಯಿದೆ ಸಿಕ್ಕಿತು. ಅವರ ಕಷ್ಟ ಸುಳ್ಳಲ್ಲ. ಸಾಲ ಕೊಡಲಿ, ರಿಯಾಯಿತಿ ಕೊಡಲಿ. ವಿಷಕ್ಕೆ ಮಾತ್ರ ವಾಯಿದೆ ಇರಬಾರದು.

ಆಗಬೇಕಾದ್ದು ಎರಡೇ. ಹಡಗು ಹತ್ತುವ ಸಿರಪ್ಪಿಗೆ ತಂದ ಪರೀಕ್ಷೆ ಲಾರಿ ಹತ್ತುವ ಸಿರಪ್ಪಿಗೂ ಆಗಲಿ. ಒಂದು ರಾಜ್ಯದಲ್ಲಿ ನಪಾಸಾದ ಬ್ಯಾಚು ಅಂದೇ ಎಲ್ಲ ರಾಜ್ಯಗಳಲ್ಲೂ ನಿಲ್ಲಲಿ. ಪರದೇಶದ ಗಿರಾಕಿ ಮುನಿದರೆ ಡಾಲರು ಹೋಗುತ್ತೆ, ಇಲ್ಲಿ ಹೋಗೋದು ಜೀವ. ಯಾವುದು ದುಬಾರಿ ಅಂತ ದಿಲ್ಲಿಯವರು, ಬೆಂಗಳೂರಿನವರು ಲೆಕ್ಕ ಹಾಕುವರೇ?